ನಾಲ್ಕು ಸೆಕೆಂಡಿನ ಬಿಡುವು

ಟೇಕು ಚೆನ್ನಾಗಿ ಬರುತ್ತಿತ್ತು. ಅದಕ್ಕೇ ಕಾವ್ಯಶ್ರೀ ನಿಲ್ಲಿಸಲಿಲ್ಲ.

ಹಾಳೆಯನ್ನು ಅವಳು ಮೊದಲೇ ಓದಿಕೊಂಡಿರಲಿಲ್ಲ. ಆ ಅಭ್ಯಾಸ ಬಿಟ್ಟು ವರ್ಷಗಳಾಗಿದ್ದವು. ಮೊದಲ ಸಲ ಓದುವಾಗ ದನಿ ತಾಜಾ ಇರುತ್ತದೆ ಎಂದು ಶಶಿಧರ ಹೇಳುತ್ತಿದ್ದ, ಅದು ನಿಜವೂ ಆಗಿತ್ತು. ಶಶಿಧರನ ಸ್ಟುಡಿಯೋ ಎಂದರೆ ಕಟ್ಟೆಸಂತೆಯ ಬಸ್ ಸ್ಟ್ಯಾಂಡಿನ ಹಿಂದೆ, ಮೊಬೈಲ್ ಅಂಗಡಿಯ ಮೇಲಿನ ಒಂದು ಕೋಣೆ. ಗೋಡೆಗೆಲ್ಲ ಮೊಟ್ಟೆಯ ಟ್ರೇ, ಬಾಗಿಲಿಗೆ ಕಂಬಳಿ. ಆ ಕೋಣೆಯಿಂದ ಹೊರಟ ಅವಳ ದನಿ ಹನ್ನೊಂದು ವರ್ಷದಿಂದ ಆಟೋಗಳ ನೆತ್ತಿಯ ಮೇಲೆ ಕೂತು ಶನಿವಾರಸಂತೆಯಿಂದ ಕುಶಾಲನಗರದವರೆಗೆ ಓಡಾಡುತ್ತಿತ್ತು. ಸೀರೆ ಅಂಗಡಿಯ ರಿಯಾಯಿತಿ, ಕಣ್ಣಿನ ತಪಾಸಣೆ, ಕಾಡಾನೆ ಬಂದಿದೆ ಎಚ್ಚರಿಕೆ, ಎಲ್ಲ ಪಕ್ಷಗಳ ಮತಯಾಚನೆ. ಹಿಂದಿನ ಚುನಾವಣೆಯಲ್ಲಿ ಒಂದೇ ಬೆಳಿಗ್ಗೆ ಮೂವರು ಅಭ್ಯರ್ಥಿಗಳನ್ನು ‘ನಿಮ್ಮ ಮನೆಯ ಮಗ’ ಎಂದು ಕರೆದಿದ್ದಳು. ಯಾರಿಗೂ ಬೇಜಾರಾಗಿರಲಿಲ್ಲ.

ಇವತ್ತಿನ ಹಾಳೆ ಪಂಚಾಯಿತಿಯದು. ನಾಲ್ಕನೆಯ ಸಾಲಿನಲ್ಲಿ ‘ಸಂತೆಮಾಳ’ ಎಂಬ ಮಾತು ಬಂತು. ಸಂತೆಮಾಳದಲ್ಲಿ ವಾಣಿಜ್ಯ ಸಂಕೀರ್ಣ ಕಟ್ಟಲಾಗುತ್ತದೆ, ನೆಲದ ಮೇಲೆ ಕೂತು ವ್ಯಾಪಾರ ಮಾಡುವವರು ತಿಂಗಳ ಕೊನೆಯೊಳಗೆ ಹೊಳೆಯಾಚೆಯ ಬಯಲಿಗೆ ಹೋಗಬೇಕು. ಅವಳ ಅವ್ವ ಕಾಳಮ್ಮ ಅಲ್ಲೇ, ಗೋಣಿಮರದ ಬುಡದಲ್ಲಿ, ಇಪ್ಪತ್ತಾರು ವರ್ಷದಿಂದ ಮಂಗಳವಾರ ಮಂಗಳವಾರ ಸೊಪ್ಪು ಮಾರುತ್ತಿದ್ದಳು. ಹೊಳೆಯಾಚೆಗೆ ಬಸ್ಸಿಲ್ಲ. ಹೊರೆ ಹೊತ್ತು ಎರಡು ಕಿಲೋಮೀಟರು ನಡೆಯುವಷ್ಟು ಮಂಡಿ ಅವಳಿಗೆ ಉಳಿದಿರಲಿಲ್ಲ. ಇದೆಲ್ಲ ಕಾವ್ಯಶ್ರೀಗೆ ಓದುತ್ತಿದ್ದಂತೆಯೇ ಹೊಳೆಯಿತು. ಆದರೆ ಉಸಿರು ಸರಿಯಾದ ಕಡೆ ನಿಲ್ಲುತ್ತಿತ್ತು, ಒತ್ತಕ್ಷರಗಳು ನೀಟಾಗಿ ಬೀಳುತ್ತಿದ್ದವು. ‘ತಪ್ಪಿದಲ್ಲಿ ಕಟ್ಟುನಿಟ್ಟಿನ ಕ್ರಮ ಜರುಗಿಸಲಾಗುವುದು’ ಎಂಬಲ್ಲಿ ಅವಳು ದನಿಯನ್ನು ಅರ್ಧ ಮೆಟ್ಟಿಲು ಇಳಿಸಿದಳು. ಗಾಜಿನಾಚೆ ಶಶಿಧರ ಹೆಬ್ಬೆರಳೆತ್ತಿದ.

ಐವತ್ತು ಸೆಕೆಂಡು. ಆಮೇಲೆ ನಾಲ್ಕು ಸೆಕೆಂಡು ಮೌನ, ಮತ್ತೆ ಮೊದಲಿಂದ. ಎಲ್ಲ ರೆಕಾರ್ಡಿಂಗಿಗೂ ಶಶಿಧರ ಇಡುತ್ತಿದ್ದ ಬಿಡುವು ಅದು. ಡ್ರೈವರಿಗೆ ಉಸಿರಾಡೋಕೆ, ಅನ್ನುತ್ತಿದ್ದ.

ಎರಡು ದಿನ ಆಟೋ ಊರು ಸುತ್ತಿತು. ಮೂರನೆಯ ದಿನ ಕಾಳಮ್ಮ ಸೊಪ್ಪು ಬಿಡಿಸುತ್ತಾ ಅಂದಳು, “ಕಟ್ಟುನಿಟ್ಟಿನ ಕ್ರಮ ಅಂತೀಯಲ್ಲ, ಅದು ಬಲು ಚೆನ್ನಾಗಿ ಬಂದದೆ ಕಣವ್ವ. ಎದೆ ಜಲ್ ಅಂತು.”

ಕಾವ್ಯಶ್ರೀ ಕೊತ್ತಂಬರಿ ಕಟ್ಟಿಗೆ ದಾರ ಸುತ್ತುತ್ತಲೇ ಇದ್ದಳು. ದಾರ ಮುಗಿದದ್ದು ತಿಳಿಯಲಿಲ್ಲ.

ಭಾನುವಾರ ಮೊಯ್ದು ಮನೆಗೆ ಬಂದ. ಸಂತೆಯಲ್ಲಿ ಒಣಮೀನು ಮಾರುವವನು. ಕಾಳಮ್ಮನಿಂದ ಹತ್ತು ಮಾರು ದೂರ ಅವನ ಜಾಗ. ವ್ಯಾಪಾರಿಗಳೆಲ್ಲ ಸೇರಿ ಒಂದು ಆಟೋ ಗೊತ್ತು ಮಾಡಿದ್ದರು. ಮಂಗಳವಾರ ಹನ್ನೊಂದಕ್ಕೆ ಸಂತೆಮಾಳದ ಶೆಡ್ಡಿನಲ್ಲೇ ಗ್ರಾಮಸಭೆ. ಸಂತೆ ಎತ್ತುವುದೋ ಬಿಡುವುದೋ, ಅಲ್ಲಿ ಕೈ ಎತ್ತಿಸಿ ತೀರ್ಮಾನ. ಸಂತೆಗೆ ಬಂದ ಹಳ್ಳಿಯವರು ಶೆಡ್ಡಿಗೂ ಬಂದರೆ ಗೆಲುವು, ಬರದಿದ್ದರೆ ಕುರ್ಚಿಯಲ್ಲಿ ಕೂತವರದೇ ಕೈ.

“ನೀನು ಕರೆದ್ರೆ ಬರ್ತಾರೆ ಮೋಳೆ,” ಎಂದ ಮೊಯ್ದು, ಮಲಯಾಳದಲ್ಲಿ ಮಗಳೇ ಎಂದು ಕರೆದು. “ನಾನು ಬಾಯಿ ತೆಗೆದ್ರೆ ಮೀನಿಂದು ರೇಟ್ ಅಂತ ತಿಳೀತಾರೆ.”

ಶಶಿಧರ ಮೊದಲು ಒಪ್ಪಲಿಲ್ಲ.

“ನೀನು ಕರೆಂಟ್ ಇದ್ದಂಗೆ ಕಣೆ. ಯಾರ ಮನೇದಾದ್ರೂ ಬಲ್ಬ್ ಹತ್ತಬೇಕು. ಕರೆಂಟೇ ಎದ್ದು ನಾನು ಇಂಥವರ ಕಡೆ ಅಂದ್ರೆ ಹೆಂಗೆ?”

“ಸಿನಿಮಾದವರು ಇಂಥವರ ಕಡೆ ಅಂತ ಹೇಳ್ತಾರಲ್ಲ,” ಎಂದಳು ಕಾವ್ಯಶ್ರೀ.

“ಅವರಿಗೆ ಮುಖ ಅದೆ. ಬೈಸ್ಕೊಂಡ್ರೂ ಮುಖ ಉಳೀತದೆ. ನಿಂಗೆ ದನಿ ಬಿಟ್ರೆ ಏನದೆ?” ಅವನು ಹೆಡ್‌ಫೋನಿನ ವೈರು ಬೆರಳಿಗೆ ಸುತ್ತಿ ಬಿಚ್ಚಿದ. “ಒಂದು ಕೆಲಸ ಮಾಡು. ಜಾಹೀರಾತು ಅಂತಲೇ ಓದು. ಅವರ ಹಾಳೆ, ಅವರ ಮಾತು. ನಿನ್ನ ಹೆಸರು ಬ್ಯಾಡ. ನಾಳೆ ಯಾರಾದ್ರೂ ಕೇಳಿದ್ರೆ ಬಿಸಿನೆಸ್ ಅಂತೀನಿ.”

ಹಾಗೇ ಆಯಿತು. ಅವಳು ಹಾಳೆ ಓದಿದಳು, ಚೆನ್ನಾಗಿ ಓದಿದಳು, ನಿರಾಳವಾಗಿ ಮನೆಗೆ ಹೋದಳು. ಅವ್ವನ ಋಣವೂ ತೀರಿತು, ಕೆಲಸವೂ ಉಳಿಯಿತು ಅಂದುಕೊಂಡಳು.

ಮಂಗಳವಾರ ಹತ್ತು ಗಂಟೆಗೆ ಅವಳು ಸಂತೆಮಾಳಕ್ಕೆ ಬಂದಾಗ ಅವಳ ದನಿ ಆಗಲೇ ಅಲ್ಲಿ ಎರಡು ಕಡೆ ಇತ್ತು. ಪಂಚಾಯಿತಿಯ ಆಟೋ ಶೆಡ್ಡಿನ ಪಕ್ಕ ನಿಂತಿತ್ತು, ನೆತ್ತಿಗೆ ಎರಡು ಹಾರ್ನ್ ಸ್ಪೀಕರ್. ವ್ಯಾಪಾರಿಗಳ ಆಟೋ, ಚಂದ್ರುವಿನದು, ಇತ್ತ ಬೆಲ್ಲದ ಸಾಲಿನ ತುದಿಯಲ್ಲಿ, ಒಂದೇ ಹಾರ್ನಿನದು. ಅಲ್ಲಿಂದ ‘ತೆರವುಗೊಳಿಸತಕ್ಕದ್ದು’ ಎಂದಳು. ಇಲ್ಲಿಂದ ‘ತೆರವುಗೊಳಿಸಲು ಬಿಡಬೇಡಿ’ ಎಂದಳು. ಅದೇ ಇಳಿತ, ಅದೇ ಉಸಿರು, ‘ಆತ್ಮೀಯ ನಾಗರಿಕ ಬಂಧುಗಳೇ’ ಎಂಬಲ್ಲಿ ಅದೇ ಸಕ್ಕರೆ.

ಸಂತೆ ನಗುತ್ತಿತ್ತು.

“ಗಂಡ ಹೆಂಡ್ತಿ ಜಗಳ ನೋಡಿದ್ದೆ,” ಎಂದ ಬೆಲ್ಲದವನು. “ಇದು ಹೆಂಡ್ತಿಗೂ ಹೆಂಡ್ತಿಗೂ.”

“ಯಾವುದೋ ಸೋಪಿನ ಅಡ್ವಟೇಜ್ ಕಣ್ಲಾ. ತಾಳು, ಕೊನೇಲಿ ಹೇಳ್ತಾರೆ.”

“ಯಾವ ಪಾರ್ಟಿಯವರದ್ದಂತೆ ಇದು?”

“ಎಲ್ಡೂ ಒಂದೇ ಪಾರ್ಟಿ. ದನಿ ಕೇಳಕಿಲ್ವಾ?”

ಮೊಯ್ದು ನಗುತ್ತಿರಲಿಲ್ಲ. ತಕ್ಕಡಿ ಕೆಳಗಿಟ್ಟು ಅವಳನ್ನು ನೋಡಿದ. ಕಾಳಮ್ಮ ಮರದ ಬುಡದಲ್ಲಿ ತಲೆ ತಗ್ಗಿಸಿ ಸೊಪ್ಪಿಗೆ ನೀರು ಚಿಮುಕಿಸುತ್ತಿದ್ದಳು. ಶೆಡ್ಡಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕುತ್ತಿದ್ದರು. ಕುರ್ಚಿಗಳ ಹಿಂದೆ ಸಾರ್ವಜನಿಕರಿಗೆಂದು ಬಿಟ್ಟ ಜಾಗದಲ್ಲಿ ಒಂದು ನಾಯಿ ಮಲಗಿತ್ತು.

“ಕಾವ್ಯಮ್ಮ.” ಪಂಚಾಯಿತಿ ಸದಸ್ಯ ಜಯಪ್ಪ ಅವಳ ಪಕ್ಕ ಬಂದು ನಿಂತಿದ್ದ. ಕೋಪದಲ್ಲಿರಲಿಲ್ಲ, ಅದಕ್ಕೇ ಅವಳಿಗೆ ಭಯವಾಯಿತು. “ಒಳ್ಳೆ ಕೆಲಸ ಮಾಡಿದೆ. ನಾವೇ ದುಡ್ಡು ಕೊಟ್ಟು ಮಾಡಿಸಿದ್ರೂ ಹಿಂಗೆ ಆಗ್ತಿರ್ಲಿಲ್ಲ. ಜನ ಎಲ್ಲ ತಮಾಷೆ ಅಂತವ್ರೆ.”

“ಅದು ತಮಾಷೆ ಅಲ್ಲ ಜಯಣ್ಣ.”

“ಗೊತ್ತು. ನಂಗೂ ಗೊತ್ತು, ನಿಂಗೂ ಗೊತ್ತು. ಅಷ್ಟು ಸಾಕಲ್ಲ?” ಅವನು ಶೆಡ್ಡಿನ ಕಡೆ ನೋಡುತ್ತಲೇ ಮಾತಾಡುತ್ತಿದ್ದ. “ಎಲೆಕ್ಷನ್ ಬರ್ತಾ ಅದೆ. ತಾಲೂಕಿನ ರೆಕಾರ್ಡಿಂಗ್ ಎಲ್ಲ ನಿಂದೇ ಅಂತ ಶಶಿಧರಂಗೆ ಹೇಳಿದೀನಿ. ಆ ಕಡೆಯವರೂ ನಿನ್ನೇ ಕರೀತಾರೆ, ಕರೀಲಿ. ಕಲಾವಿದರು ಎಲ್ಲರಿಗೂ ಬೇಕು. ಆದ್ರೆ ಕಲಾವಿದೆ ಎದ್ದು ನಿಂತು ಹೆಸರು ಹೇಳ್ಕೊಂಡ್ಲು ಅಂದ್ರೆ, ಆವಾಗ ನಾವೂ ಅವಳು ಯಾವ ಕಡೆ ಅಂತ ನೋಡಬೇಕಾಗ್ತದೆ. ನೀನೇ ಹೇಳು, ತಪ್ಪಾ?”

ಅದು ಪೂರ್ತಿ ತಪ್ಪು ಅಂತ ಅವಳಿಗೆ ಅನಿಸಲಿಲ್ಲ. ಯಾರ ಕಡೆಯವಳೂ ಅಲ್ಲ ಎಂಬ ನಂಬಿಕೆಯ ಮೇಲೆಯೇ ಹನ್ನೊಂದು ವರ್ಷ ಉಂಡಿದ್ದಳು. ಕಾಡಾನೆ ಬಂದಿದೆ ಎಂದಾಗ ಎಲ್ಲರೂ ಬಾಗಿಲು ಹಾಕಿಕೊಳ್ಳುತ್ತಿದ್ದದ್ದು ಆ ನಂಬಿಕೆಯಿಂದಲೇ. ಇವತ್ತು ಅದೇ ನಂಬಿಕೆ ಅವ್ವನ ಸೊಪ್ಪಿನ ಬುಟ್ಟಿಯ ಮೇಲೆ ಕೂತಿತ್ತು.

ಹತ್ತೂ ಐವತ್ತು. ಅವಳು ಬೆಲ್ಲದ ಸಾಲಿನ ಕಡೆ ನಡೆದಳು.

“ಮೈಕ್ ಅದೆಯಾ?” ಎಂದು ಚಂದ್ರುವನ್ನು ಕೇಳಿದಳು.

“ಅದೆ. ಯಾಕೆ, ಪೆನ್‌ಡ್ರೈವ್ ಸರಿಯಾಗೇ ಓಡ್ತಾ ಅದಲ್ಲ.”

“ಅದನ್ನ ಕಿತ್ತಾಕು.”

ಚಂದ್ರು ಅವಳ ಮುಖ ನೋಡಿದ, ಅವಳ ಹಿಂದೆ ದೂರದಲ್ಲಿ ನಿಂತಿದ್ದ ಜಯಪ್ಪನನ್ನೂ ನೋಡಿದ. “ಪರ್ಮಿಶನ್ ಹನ್ನೊಂದರವರೆಗೆ ಅಷ್ಟೆ ಕಣಕ್ಕ,” ಎಂದು ಪೆನ್‌ಡ್ರೈವ್ ಕಿತ್ತು ಜೇಬಿಗೆ ಹಾಕಿಕೊಂಡ.

ಇಲ್ಲಿಯ ದನಿ ನಿಂತಿತು. ಅಲ್ಲಿಯದು ನಿಲ್ಲಲಿಲ್ಲ. ಜಯಪ್ಪ ಕೈಯಾಡಿಸಿದ್ದನ್ನು ಅವಳು ನೋಡಿದಳು. ಪಂಚಾಯಿತಿಯ ಆಟೋದ ಎರಡೂ ಹಾರ್ನುಗಳ ದನಿ ಇನ್ನಷ್ಟು ದೊಡ್ಡದಾಯಿತು. ಚಂದ್ರುವಿನ ಒಂದು ಹಾರ್ನು ಅದರ ಮುಂದೆ ಸೊಳ್ಳೆ. ಐವತ್ತು ಸೆಕೆಂಡು ಅವಳದೇ ದನಿ ಅವಳ ಮೇಲೆ ಸುರಿಯುತ್ತಿತ್ತು. ಯಾವ ಅಕ್ಷರ ಎಲ್ಲಿ ಬೀಳುತ್ತದೆಂದು ಅವಳಿಗೆ ಗೊತ್ತಿತ್ತು. ಕೊನೆಯ ‘ಜರುಗಿಸಲಾಗುವುದು’ ಮುಗಿಯುವುದನ್ನೇ ಕಾದು, ಮೈಕು ಒತ್ತಿದಳು.

“ಆತ್ಮೀಯ ನಾಗರಿಕ ಬಂಧುಗಳೇ, ದಯವಿಟ್ಟು—”

ನಾಲ್ಕು ಸೆಕೆಂಡು ಮುಗಿಯಿತು. ಒಬ್ಬರೂ ತಿರುಗಲಿಲ್ಲ. ಯಾಕೆ ತಿರುಗುತ್ತಾರೆ, ಇನ್ನೊಂದು ರೆಕಾರ್ಡು. ಮೆಣಸಿನಕಾಯಿ ಆರಿಸುತ್ತಿದ್ದ ಹೆಂಗಸೊಬ್ಬಳು ಮಾತ್ರ “ಸೋಪು ಇನ್ನೂ ಬರ್ಲಿಲ್ಲ,” ಅಂದಳು.

ಐವತ್ತು ಸೆಕೆಂಡು. ಕಾವ್ಯಶ್ರೀಯ ಹೆಬ್ಬೆರಳು ಮೈಕಿನ ಗುಂಡಿಯ ಮೇಲೆ ಜಾರುತ್ತಿತ್ತು. ಸ್ಟುಡಿಯೋದ ದನಿ ಬಿಟ್ಟರೆ ತನ್ನ ಹತ್ತಿರ ಇನ್ಯಾವುದಿದೆ ಎಂದು ಹುಡುಕಿದಳು. ಮನೆಯಲ್ಲಿ ಮಾತಾಡುವುದೊಂದಿತ್ತು. ಅದನ್ನು ಅವಳು ಯಾವತ್ತೂ ಮೈಕಿನ ಹತ್ತಿರ ತಂದಿರಲಿಲ್ಲ.

“ನಾನು ಕಾವ್ಯ. ಸೊಪ್ಪಿನ ಕಾಳಮ್ಮನ ಮಗಳು. ಇಲ್ಲಿದೀನಿ, ಆಟೋ ಹತ್ರ.”

ದನಿ ತೆಳ್ಳಗಿತ್ತು, ಕೊನೆಯಲ್ಲಿ ಒಡೆಯಿತು. ಬೆಲ್ಲದವನು ತಿರುಗಿದ. ಅವನ ಹಿಂದೆ ನಾಲ್ಕೈದು ಜನ ತಿರುಗಿದರು.

“ಇವಳಾ ಅವಳು?”

“ಹೋಗಲೇ. ಇವಳ ದನಿ ಇಷ್ಟೇಯಾ?”

ಅಷ್ಟರಲ್ಲಿ ಅಲ್ಲಿಂದ ಅವಳು ‘ಆತ್ಮೀಯ ನಾಗರಿಕ ಬಂಧುಗಳೇ’ ಎಂದು ಶುರು ಮಾಡಿದಳು, ತುಂಬಿದ ದನಿ, ಒಂದು ಬಿರುಕೂ ಇಲ್ಲದ್ದು. ಜನ ಅಲ್ಲಿಗೂ ಇಲ್ಲಿಗೂ ನೋಡಿದರು. ಅವಳ ಫೋನು ನಡುಗಿತು: ಶಶಿಧರ. ತೆಗೆಯಲಿಲ್ಲ. ಜಯಪ್ಪ ಆಟೋದಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಬಂದು ನಿಂತ. ಏನೂ ಮಾಡಲಿಲ್ಲ, ಬರೀ ನಿಂತ. ಬೆಲ್ಲದವನು ಅವನನ್ನು ಕಂಡು ತನ್ನ ಅಚ್ಚುಗಳ ಕಡೆ ಬಗ್ಗಿದ.

ಆ ದನಿಯನ್ನು ಊರೆಲ್ಲ ಬಲ್ಲದು, ಸುಳ್ಳು ಹೇಳುವುದಕ್ಕೂ ಆಗುವುದಿಲ್ಲ, ಎಂದುಕೊಂಡಳು. ಅಲ್ಲಿರುವುದು ನಾನಲ್ಲ ಎನ್ನಲು ನಾಲಿಗೆ ತಯಾರಾಗಿತ್ತು. ಅಲ್ಲಿ ‘ಜರುಗಿಸಲಾಗುವುದು’ ಮುಗಿಯಿತು, ಮೈಕು ಒತ್ತಿದಳು.

“ಅಲ್ಲಿ ಮಾತಾಡ್ತಿರೋದೂ ನಾನೇ. ಅದು ಓದಿದ್ದು. ಇದು ಓದ್ತಿಲ್ಲ.”

ಈ ಸಲ ನಗು ಬರಲಿಲ್ಲ. ಮೆಣಸಿನಕಾಯಿಯ ಹೆಂಗಸು ಕೈಯಲ್ಲಿದ್ದ ಕಾಯಿಗಳನ್ನು ವಾಪಸ್ಸು ಬುಟ್ಟಿಗೆ ಬಿಟ್ಟಳು. ಅಲ್ಲಿಯ ದನಿ ಮತ್ತೆ ಐವತ್ತು ಸೆಕೆಂಡು ಓಡಿತು, ಯಾರೂ ಅದನ್ನು ಕೇಳುತ್ತಿರಲಿಲ್ಲ, ಅದು ಮುಗಿಯುವುದನ್ನು ಕಾಯುತ್ತಿದ್ದರು. ಜಯಪ್ಪ ಫೋನು ಕಿವಿಗಿಟ್ಟುಕೊಂಡಿದ್ದ. ಅವಳಿಗೆ ಕೇಳಲಿ ಎಂದೇ ಇರಬೇಕು, ಗಟ್ಟಿಯಾಗಿ ಹೇಳಿದ: “ಶಶಿ, ಎಲೆಕ್ಷನ್‌ಗೆ ಮೈಸೂರಿಂದ ಯಾರನ್ನಾದ್ರೂ ನೋಡು. ಹೂಂ, ಇವಳು ಬ್ಯಾಡ. ಆ ಕಡೆಯವರಿಗೂ ನಾನೇ ಹೇಳ್ತೀನಿ.”

ಅಷ್ಟೆ. ಹನ್ನೊಂದು ವರ್ಷ ಒಂದು ಫೋನಿನಲ್ಲಿ ಮುಗಿಯಿತು. ಚಂದ್ರು ತನ್ನ ಸೀಟಿನಿಂದ ಸರಿದು ಜಾಗ ಮಾಡಿಕೊಟ್ಟ. ಅವಳು ಕೂರಲಿಲ್ಲ.

“ಸಂತೆ ಇಲ್ಲೇ ಇರಬೇಕು ಅಂತೀನಿ. ನಾನು ಅಂತಿರೋದು. ನಂಗೆ ಯಾರೂ ಬರ್ಕೊಟ್ಟಿಲ್ಲ.”

ಮೊಯ್ದು ಮೀನಿನ ಮೇಲೆ ಟಾರ್ಪಾಲು ಎಳೆದ. “ಕೇಳಿತಲ್ಲ?” ಎಂದ, ಯಾರಿಗೂ ಅಲ್ಲ. “ಮೀನು ಓಡಿ ಹೋಗಲ್ಲ.” ಶೆಡ್ಡಿನ ಕಡೆ ಹೊರಟ. ಅವನ ಹಿಂದೆ ಬಳೆಯವಳು, ಎರಡು ಮೂರು ಹಳ್ಳಿಯ ಗಂಡಸರು. ಉಳಿದವರು ನಿಂತೇ ಇದ್ದರು. ಕೆಲವರು ಜಯಪ್ಪನನ್ನು ನೋಡುತ್ತಿದ್ದರು, ಕೆಲವರು ನೆಲವನ್ನು. ಬೆಲ್ಲದವನು ಒಂದೇ ಅಚ್ಚನ್ನು ಮೂರು ಸಲ ಎತ್ತಿ ಅದೇ ಜಾಗದಲ್ಲಿ ಇಟ್ಟ.

ಹನ್ನೊಂದಕ್ಕೆ ಎರಡು ನಿಮಿಷ. ಇನ್ನೆರಡು ಬಿಡುವುಗಳು ಸಿಗಬಹುದು. ಅವಳು ‘ಕಟ್ಟುನಿಟ್ಟಿನ ಕ್ರಮ’ವನ್ನು ಕಾದಳು. ಅದು ಬಂತು, ಅರ್ಧ ಮೆಟ್ಟಿಲು ಇಳಿದು, ಬಲು ಚೆನ್ನಾಗಿ.

“ಶೆಡ್ಡಿಗೆ ಬನ್ನಿ. ಕೈ—”

ಉಳಿದ ಎರಡು ಸೆಕೆಂಡು ಹಾರ್ನಿನಿಂದ ಬರೀ ಉಸಿರು ಹೊರಬಿತ್ತು, ಸಂತೆಮಾಳದ ತುಂಬ.

ಗೋಣಿಮರದ ಬುಡದಲ್ಲಿ ಕಾಳಮ್ಮನ ಮುಂದೆ ಗಿರಾಕಿಯೊಬ್ಬಳು ದಂಟಿನ ಕಟ್ಟು ಹಿಡಿದು ನಿಂತಿದ್ದಳು. ಕಾಳಮ್ಮ ಅವಳ ಕೈಯಿಂದ ಕಟ್ಟನ್ನು ತೆಗೆದು ಬುಟ್ಟಿಗೆ ಹಾಕಿದಳು, ಒದ್ದೆ ಗೋಣಿ ಮುಚ್ಚಿದಳು, ಮಂಡಿಗೆ ಕೈಕೊಟ್ಟು ಎದ್ದಳು.

“ಸೊಪ್ಪು ಆಮ್ಯಾಕೆ ತಕ್ಕೊಳ್ಳೀರಂತೆ,” ಎಂದಳು. “ಮಗಳು ಕರೀತಾವ್ಳೆ, ನಡೀರಿ.”

ಗಿರಾಕಿ ಚೀಲವನ್ನು ಹೆಗಲಿಗೇರಿಸಿ ಅವಳ ಹಿಂದೆ ಹೊರಟಳು. ಶೆಡ್ಡಿನಲ್ಲಿ ಕುರ್ಚಿಗಳ ಹಿಂದೆ ಮಲಗಿದ್ದ ನಾಯಿ ಎದ್ದು ಬರುವವರಿಗೆ ಜಾಗ ಬಿಟ್ಟಿತು.