ಕರೆಯದೆ ಉಳಿದ ಹೆಸರು

ನಾಲ್ಕು ವರ್ಷದ ಲುಂಬಿನಿಗೆ ಕಂಡದ್ದಕ್ಕೆಲ್ಲ ಹೆಸರು ಬೇಕು. ಅಪ್ಪ ಅವ್ವ ಬೆಳಗಿನ ರೈಲುಗಾಡಿ ಹತ್ತಿ ವಾಡಿ ಊರಿಗೆ ಕೆಲಸಕ್ಕೆ ಹೋದರೆಂದರೆ, ಅಜ್ಜಿ ತುಳಜಾಬಾಯಿಯ ಸೆರಗು ಹಿಡಿದು ಶುರುಮಾಡುವಳು.

“ಆಯೀ, ಇದಕ್ಕೇನಂತಾರ?”

“ಕಲ್ಲು.”

“ಸಣ್ಣದಕ್ಕ?”

“ಹಳ್ಳು.”

“ನೆಲಕ್ಕ ಹಾಸೂದಕ್ಕ?”

“ಫರಸಿ. ಸಾಕ ಮಾಡಬೇ, ಬಾಯಿ ಒಣಗ್ತು.”

“ಒಣಗಿದ ಬಾಯಿಗೇನಂತಾರ?”

“ಆಯಿ ಅಂತಾರ, ಹೋಗಬೇ!”

ಹುಡುಗಿ ನಕ್ಕು ನೆಲಕ್ಕೆ ಉರುಳುವಳು. ಹೊಸ ಮಾತನ್ನು ದಿನವಿಡೀ ನಾಲಿಗೆಯ ಮೇಲೆ ಹೊರಳಾಡಿಸುವಳು, ಒಮ್ಮೆ ಕೂಗಿ, ಒಮ್ಮೆ ಪಿಸುಗುಟ್ಟಿ. ಸಂಜೆಯಾಗುವಷ್ಟರಲ್ಲಿ ಅದು ಅವಳದೇ ಆಗಿರುತ್ತಿತ್ತು.

ಒಂದು ದಿನ ದೀಪ ಹಚ್ಚುವ ಹೊತ್ತಿಗೆ ಅವಳು ಬಾಗಿಲ ಹೊರಗಿನ ಕಟ್ಟೆಯತ್ತ ಬೆರಳು ಮಾಡಿದಳು.

“ಅಲ್ಲಿ ಕುಂತಾರಲ್ಲ, ಅವರಿಗೇನಂತಾರ?”

ಕಟ್ಟೆ ಬರಿದಾಗಿತ್ತು. ತುಳಜಾಬಾಯಿಯ ಕೈಯಲ್ಲಿನ ಬೆಂಕಿಕಡ್ಡಿ ಆರಿತು. ಅದು ಅವಳ ಗಂಡ ಕೂರುತ್ತಿದ್ದ ಜಾಗ. ಈ ಹುಡುಗಿ ಹುಟ್ಟುವ ಮೊದಲೇ ಅವನು ಶಹಾಬಾದದ ಆಚೆ ಕಲ್ಲಿನ ಖಣಿಯಲ್ಲಿ ಸತ್ತಿದ್ದ. ಮನೆಯಲ್ಲಿ ಅವನದೊಂದು ಫೋಟೊ ಕೂಡ ಇರಲಿಲ್ಲ.

“ಮುತ್ಯಾ ಅಂತಾರ.”

“ಹಂಗ ಎಲ್ಲಾರ ಮುತ್ಯಾಗೋಳಿಗೂ ಅಂತಾರ. ಹೆಸರೇನು?”

“ಗಂಡನ ಹೆಸರು ಹೇಣ್ತಿ ಹೇಳಬಾರದವ್ವ.”

“ಹೇಳಿದ್ರ ಏನಾಗ್ತದ?”

ಹೇಳದಿದ್ದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಅಂದು ರೊಟ್ಟಿ ಗಂಟು ಹಿಡಿದು ಖಣಿಯ ದಂಡೆಗೆ ಬಂದಾಗ, ಅವನ ತಲೆಯ ಮೇಲಿನ ಕಲ್ಲಿನ ಪದರ ಬಾಯಿಬಿಡುವುದನ್ನು ಕಂಡಿದ್ದಳು. “ಏನ್ರೀ! ಈ ಕಡಿ ಬರ್ರೀ!” ಎಂದು ಚೀರಿದ್ದಳು. ಅಲ್ಲಿದ್ದ ಗಂಡಸರೆಲ್ಲ ತಮ್ಮ ತಮ್ಮ ಹೆಂಡಂದಿರು ಕರೆದರೆಂದು ತಲೆಯೆತ್ತಿದರು, ಕಂಡು ಓಡಿದರು. ಬಗ್ಗಿ ಸುತ್ತಿಗೆ ಬಡಿಯುತ್ತಿದ್ದ ಅವನೊಬ್ಬ ಮಾತ್ರ, ಯಾರವಳೋ ಯಾರನ್ನೋ ಕರೆಯುತ್ತಿದ್ದಾಳೆಂದು ಕೆಲಸ ಬಿಡಲಿಲ್ಲ. ಹೆಸರು ಅವಳ ಗಂಟಲಲ್ಲೇ ಇತ್ತು. ಕಲ್ಲು ಬಿದ್ದ ಮೇಲೂ ಹೊರಬರಲಿಲ್ಲ.

“ಹೇಳ ಆಯಿ,” ಲುಂಬಿನಿ ಅವಳ ಮೊಣಕಾಲು ಅಲುಗಿಸಿದಳು. “ತಲಿ ಬಗ್ಗಿಸಿ ಕುಂತಾರ. ಮುತ್ಯಾ ಅಂದ್ರ ನೋಡವಲ್ರು.”

ತುಳಜಾಬಾಯಿ ಬಾಗಿಲ ಚೌಕಟ್ಟು ಹಿಡಿದು ಎದ್ದಳು. ಆಮೇಲೆ ಖಣಿಯ ತಳ ಮುಟ್ಟುವ ಹಾಗೆ ಕೂಗಿದಳು.

“ಭೀಮಶ್ಯಾ!”

ಓಣಿಯಲ್ಲಿ ಬೊಗಳುತ್ತಿದ್ದ ನಾಯಿ ಸುಮ್ಮನಾಯಿತು. ಎದುರು ಮನೆಯ ಲಾಲಮ್ಮ ಬಾಗಿಲು ತೆರೆದು ನೋಡಿ, ಹಾಗೆಯೇ ನಿಂತಳು. ಲುಂಬಿನಿ ಮಾತ್ರ ಕಟ್ಟೆಯಿಂದ ಕಣ್ಣು ಕೀಳಲಿಲ್ಲ.

“ಆಯೀ,” ಎಂದಳು ಮೆಲ್ಲಗೆ, “ತಲಿ ಎತ್ತಿದ್ರು.”

ತುಳಜಾಬಾಯಿ ಕತ್ತಲಲ್ಲೇ ಸೆರಗನ್ನು ಹಣೆಯವರೆಗೂ ಎಳೆದುಕೊಂಡಳು.