ನಾಲೆ ಏರಿಯ ಸುಣ್ಣದ ಗೆರೆ

ಡಾಕ್ಟರು ಮಲ್ಲಾಜಮ್ಮನಿಗೆ ಮುಚ್ಚುಮರೆಯಿಲ್ಲದೆ ಹೇಳಿದ್ದರು. ದಿನಾ ನಡೆಯಬೇಕು; ದೀಪಾವಳಿಯೊಳಗೆ ಸಕ್ಕರೆ ಇಳಿಯದಿದ್ದರೆ ದಿನವೂ ಹೊಟ್ಟೆಗೆ ಇಂಜೆಕ್ಷನ್. ಹಾವು ಕಂಡರೆ ಕೋಲು ಹುಡುಕುವ ಹೆಂಗಸು, ಸೂಜಿ ಕಂಡರೆ ಬಾಗಿಲು ಹುಡುಕುತ್ತಿದ್ದಳು. ಮಾರನೆಯ ಬೆಳಿಗ್ಗೆಯೇ ಹೊಸ ಅಗ್ರಹಾರದ ನಾಲೆ ಏರಿ ಹಿಡಿದಳು.

ಹೆಜ್ಜೆ ಲೆಕ್ಕ ಇಡುತ್ತದೆಂದು ಸೊಸೆ ರೂಪಶ್ರೀ ತನ್ನ ಫೋನು ಕೊಡಲು ಬಂದಳು. ನಾಲೆಗೆ ಬಿದ್ದರೆ ಯಾರು ಹೊಣೆ ಎಂದು ಮಲ್ಲಾಜಮ್ಮ ಒಲ್ಲೆನೆಂದಳು. ಅವಳದೇ ಒಂದು ಉಪಾಯವಿತ್ತು. ಏರಿಯುದ್ದಕ್ಕೂ ಗುರುತಿನ ಕಲ್ಲುಗಳಿದ್ದವು. ಕಾಲು ಸೋತ ಕಡೆ ಕಲ್ಲಿಗೊರಗಿ ಎಲೆಅಡಿಕೆ ಹಾಕಿಕೊಳ್ಳುವುದು, ಬೆರಳಿಗೆ ಉಳಿದ ಸುಣ್ಣವನ್ನು ಆ ಕಲ್ಲಿಗೇ ಅಡ್ಡಕ್ಕೆ ಒರೆಸುವುದು. ನಾಳೆ ಆ ಗೆರೆ ದಾಟಿ ಮುಂದಿನ ಕಲ್ಲು ಮುಟ್ಟಬೇಕು. ಮೊದಮೊದಲು ಮುಟ್ಟಿದಳು ಕೂಡ. ಸೊಸೆಯ ಮುಂದೆ ಬೀಗಿದ್ದೇ ಬೀಗಿದ್ದು.

ಆಮೇಲೆ ಹೊಂಗೆ ಮರದಡಿಯ ಕಲ್ಲು ಬಂತು. ತಂಪು ನೆರಳು, ಒರಗಲು ಸುಖ. ಸುಣ್ಣ ಒರೆಸಿ ಹಿಂದಿರುಗಿದಳು. ಮಾರನೆಯ ದಿನ ಮಂಡಿ ನೋವೆಂದು ಅಲ್ಲೇ ನಿಂತಳು. ಅದರ ಮಾರನೆಯ ದಿನ ಯಾವ ನೋವೂ ಇರಲಿಲ್ಲ, ಆದರೂ ಅಲ್ಲೇ.

ಮರುದಿನ ಹೋಗಿ ನೋಡುತ್ತಾಳೆ, ಮೂರು ಬಿಳಿ ಗೆರೆಗಳ ನಡುವೆ ಕುಂಕುಮ, ಮೇಲೆ ಕಣಗಿಲೆ ಹೂವು! ಗದ್ದೆಗೆ ನೀರು ಕಟ್ಟಲು ಬಂದಿದ್ದ ಚಲುವಯ್ಯ ಚಪ್ಪಲಿ ಬಿಟ್ಟು ಕೈಮುಗಿದಿದ್ದ. ಈಶ್ವರ ತಾನಾಗಿ ಮೂಡಿದ್ದಾನೆಂದ. ತನ್ನ ಸೋಮಾರಿತನ ಹೂ ಮುಡಿದು ಕೂತದ್ದನ್ನು ಕಂಡು ಮಲ್ಲಾಜಮ್ಮನಿಗೆ ನಗು, ನಾಚಿಕೆ ಒಟ್ಟಿಗೇ ಬಂದವು.

ವಾರದೊಳಗೆ ದಿನಕ್ಕೊಂದು ಮನೆಯವರ ಸರದಿಯಲ್ಲಿ ಸಿಹಿಪೊಂಗಲು ಶುರುವಾಯಿತು. ಊರಿಗೆ ಹಿರಿಯಳೆಂದು ಮೊದಲ ಎಲೆ ಅವಳಿಗೆ. ಪ್ರಸಾದ ಬೇಡವೆನ್ನುವುದು ಹೇಗೆ? ಅದರಲ್ಲೂ ತುಪ್ಪ ಜಿನುಗುತ್ತಿದ್ದ ಪ್ರಸಾದ. ತಿಂದಳು, ತಿಂದು ಮನೆಗೆ ಬಂದಳು, ರಾತ್ರಿಯೆಲ್ಲ ಸೂಜಿಯ ಕನಸು ಕಂಡಳು. ಕೊನೆಗೆ ಒಂದು ಬೆಳಿಗ್ಗೆ, ಕಲ್ಲಿನ ಹತ್ತಿರ ಪೊಂಗಲು ಬಡಿಸುತ್ತಿದ್ದ ಚಲುವಯ್ಯನಿಗೆ ತಡೆಯಲಾರದೆ ಹೇಳಿಬಿಟ್ಟಳು.

"ಅದು ಈಬೂತಿ ಅಲ್ಲ ಕಣ್ಲಾ ಚಲುವ, ನನ್ ಎಲೆಅಡ್ಕೆ ಸುಣ್ಣ. ಮುಂದಕ್ಕೋಗಕ್ಕೆ ಮೈಗಳ್ಳತನ ಆಗಿ ಮೂರ್ ದಿನ ಇಲ್ಲೇ ಒರುಸ್ದೆ."

ಚಲುವಯ್ಯ ಸೌಟು ಹಿಡಿದು ಯೋಚಿಸಿದ. "ಸುಮ್ಸುಮ್ನೆ ನಿನ್ನ ಮೂರ್ ದಿನ ಇಲ್ಲೇ ನಿಲ್ಲುಸ್ತಾನಾ ಅವ್ನು? ಬುಡು ದೊಡ್ಡವ್ವ," ಎಂದು ಇನ್ನೊಂದು ಸೌಟು ಬಡಿಸಿದ.

ಇನ್ನು ಉಳಿದದ್ದು ಓಟವೊಂದೇ. ಸೆರಗು ತಲೆಗೆಳೆದು, ಕಲ್ಲಿಗೆ ನಡೆದುಕೊಂಡೇ ಕೈಮುಗಿದು, ಮುಂದೆ ಮುಂದೆ ಹೋದಳು. ಪೊಂಗಲಿನ ತಪ್ಪಲೆ ಖಾಲಿಯಾಗುವ ತನಕ ಹಿಂದಿರುಗುವಂತಿರಲಿಲ್ಲ. ಹಾಗಾಗಿ ಇನ್ನೊಂದು ಕಲ್ಲು, ಮತ್ತೊಂದು ಕಲ್ಲು. ಕಡೆಗೆ ತೂಬಿನವರೆಗೂ ಹೋಗುವುದು ರೂಢಿಯಾಯಿತು.

ದೀಪಾವಳಿಗೆ ಮುಂಚೆ ಡಾಕ್ಟರು ಚೀಟಿ ನೋಡಿ, ಸಕ್ಕರೆ ಇಳಿದಿದೆ, ಇಂಜೆಕ್ಷನ್ ಬೇಡ ಎಂದರು. ದಿನಾ ತೂಬಿನತನಕ ನಡೆಯುತ್ತಾಳೆಂದು ಸೊಸೆ ಹೇಳಿದಾಗ, ಈ ವಯಸ್ಸಿನಲ್ಲಿ ಅಷ್ಟು ದೂರ ಹೇಗೆ ನಡೆದಿರೆಂದು ಕೇಳಿದರು.

"ಪೊಂಗ್ಲು ಅಟ್ಟಿಸ್ಕಂಡು ಬತ್ತಿತ್ತು ಸ್ವಾಮಿ," ಎಂದಳು ಮಲ್ಲಾಜಮ್ಮ.

ಮಾರನೆಯ ಬೆಳಿಗ್ಗೆ ತೂಬಿನ ಹತ್ತಿರ ಎಲೆಅಡಿಕೆ ಹಾಕಿಕೊಂಡಳು. ಅಲ್ಲಿಯ ಕಲ್ಲು ನುಣ್ಣಗಿತ್ತು. ಖುಷಿಗೆ ಬೆರಳು ತಾನಾಗಿ ಮುಂದಕ್ಕೆ ಹೋಯಿತು. ಥಟ್ಟನೆ ಹಿಂದಕ್ಕೆಳೆದು, ಸುಣ್ಣವನ್ನು ತನ್ನ ಹಿಮ್ಮಡಿಗೆ ಒರೆಸಿಕೊಂಡಳು.