ಮೂಲೆಯಲ್ಲಿದ್ದ ನಾಲ್ಕು ಗ್ರಾಂ

ಬೆಳಗ್ಗೆ ಎಂಟಕ್ಕೆ ಮಾವ ಕನ್ನಡಕ ಒರೆಸಿ, ಪೆನ್ನಿನ ಕ್ಯಾಪು ತೆಗೆದು ರಿಜಿಸ್ಟರಿನ ಮುಂದೆ ಕೂತರೆಂದರೆ ಕಾಡಿನ ಆ ಸಂಶೋಧನಾ ಕೇಂದ್ರಕ್ಕೆ ಅಧಿಕೃತವಾಗಿ ಬೆಳಗಾಯಿತೆಂದು ಅರ್ಥ. ಅವರು ನಿಜಕ್ಕೂ ಮಾವನಾಗಿದ್ದದ್ದು ಅಲ್ಲಿ ಒಬ್ಬಳಿಗೆ ಮಾತ್ರ, ಬಾವಲಿಗಳ ಸಮೀಕ್ಷೆ ನಡೆಸುತ್ತಿದ್ದ ಮೇಡಂಗೆ. ಮೇಡಂ ಕರೆದಳೆಂದು ಅಡುಗೆಯವನೂ ಕರೆದ, ಕಾವಲುಗಾರನೂ ಕರೆದ. ಮೂರು ವಾರ ಕಳೆಯುವಷ್ಟರಲ್ಲಿ ಅವರು ಇಡೀ ಕೇಂದ್ರಕ್ಕೆ ಮಾವನಾಗಿಬಿಟ್ಟಿದ್ದರು.

ಮೂವತ್ತೆರಡು ವರ್ಷ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಒಂದು ಫೈಲೂ ಕಳೆದವರಲ್ಲ. ಹೆಂಡತಿ ತೀರಿಕೊಂಡ ಮೇಲೆ ಮಾತ್ರ ತಲೆ ಎಲ್ಲೋ, ಕೈ ಎಲ್ಲೋ ಆಗಿಹೋಯಿತು. ಎರಡು ಸಲ ಗ್ಯಾಸ್ ಒಲೆ ಆರಿಸದೆ ವಾಕಿಂಗಿಗೆ ಹೋದರು. ಮಗ ಹೆದರಿಬಿಟ್ಟ. "ಇನ್ನು ನೀವು ಒಬ್ರೇ ಎಲ್ಲೂ ಹೋಗೋದು ಬೇಡ ಅಪ್ಪ. ನೋಡ್ಕೊಳ್ಳೋಕೆ ಒಬ್ಬರನ್ನ ಇಡ್ತೀನಿ" ಎಂದ. ಆಗ ಅಡ್ಡ ಬಂದವಳು ಸೊಸೆ. "ನನ್ನ ಜೊತೆ ಕಾಡಿಗೆ ಬರಲಿ. ನನಗೆ ಬರೆಯೋರು ಬೇಕು, ಅವರಿಗೆ ಬರೆಯೋಕೆ ಏನಾದ್ರೂ ಬೇಕು" ಎಂದಳು. ಗಂಡ ಹೆಂಡತಿ ಬಾಗಿಲು ಹಾಕಿಕೊಂಡು ಏನೇನು ಜಗಳವಾಡಿದರೋ, ಕೊನೆಗೆ ಒಂದು ಒಪ್ಪಂದಕ್ಕೆ ಬಂದರು. ಅಲ್ಲಿ ಒಂದು ಎಡವಟ್ಟಾದರೂ ಮಾವ ವಾಪಸ್ ಮನೆಗೆ.

ಕಾಡು ಅವರಿಗೆ ಹಿಡಿಸಿತು. ಹೊತ್ತು ಮುಳುಗುವಾಗ ಮರಗಳ ನಡುವೆ ತೆಳ್ಳನೆಯ ಬಲೆ ಕಟ್ಟುವುದು. ಸಿಕ್ಕ ಬಾವಲಿಗಳನ್ನು ಬಿಡಿಸಿ, ಒಂದೊಂದನ್ನು ಒಂದೊಂದು ಹತ್ತಿಬಟ್ಟೆಯ ಚೀಲಕ್ಕೆ ಹಾಕಿ ಮೊಳೆಗೆ ನೇತುಹಾಕುವುದು. ಜಾತಿ, ತೂಕ, ತೋಳಿನ ಉದ್ದ ನೋಡಿ ಮತ್ತೆ ಗಾಳಿಗೆ ಬಿಡುವುದು. ಸೊಸೆ ಕೂಗಿ ಹೇಳುತ್ತಾಳೆ, ಮಾವ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಬರೆಯುತ್ತಾರೆ. "ಬಿಟ್ಟೆ" ಎಂದು ಅವಳ ಬಾಯಿಂದ ಬಂದ ಮೇಲೆಯೇ ಕೊನೆಯ ಕಾಲಮ್ಮಿನಲ್ಲಿ ಸಮಯ ಬೀಳಬೇಕು. ಮರುದಿನ ಬೆಳಗ್ಗೆ ಅದನ್ನೆಲ್ಲ ಶಾಯಿಯಲ್ಲಿ ರಿಜಿಸ್ಟರಿಗೆ ಇಳಿಸುವುದು. ಬಾವಲಿ ಎಂದರೆ ಬಾವಲಿ, ಅದರಲ್ಲೇನು ಎಂದುಕೊಂಡು ಬಂದ ಮನುಷ್ಯನಿಗೆ ಆ ಕಾಡು ಇಪ್ಪತ್ತಮೂರು ಬಗೆ ತೋರಿಸಿತ್ತು. ನಾಯಿಮರಿಯ ಮುಖದ್ದು, ಮೂಗಿನ ಮೇಲೆ ಎಲೆ ಅಂಟಿಸಿಕೊಂಡಂಥದ್ದು, ಮುಖಕ್ಕಿಂತ ಕಿವಿಯೇ ದೊಡ್ಡದಾದದ್ದು, ಕಿತ್ತಳೆ ರೆಕ್ಕೆಗೆ ಕಪ್ಪು ಅಂಚು ಇಟ್ಟುಕೊಂಡು ಮದುವೆಗೆ ಹೊರಟಂಥದ್ದು. "ನಮ್ಮ ಆಫೀಸಲ್ಲಿ ಮೂವತ್ತೆರಡು ವರ್ಷದಲ್ಲಿ ಇಷ್ಟು ಥರದ ಮುಖ ನೋಡಿರಲಿಲ್ಲ" ಎಂದು ಮಾವ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದರು.

ಹಿಂದಿನ ಸಂಜೆ ಇಪ್ಪತ್ತನಾಲ್ಕನೆಯ ಬಗೆ ಸಿಕ್ಕಿತ್ತು. ಬಿದಿರು ಬಾವಲಿ. ಜೀವಂತ ಬಿದಿರಿನ ಗಳದೊಳಗೆ ವಾಸ. ಹುಳ ಕೊರೆದ ಸೀಳಿನಲ್ಲಿ ನುಸುಳುವುದಕ್ಕೆಂದೇ ಚಪ್ಪಟೆ ತಲೆ. ಹೆಣ್ಣು, ತೂಕ ನಾಲ್ಕು ಗ್ರಾಂ, ಹಾಲೂಡಿಸುವ ತಾಯಿ. "ಇವಕ್ಕೆ ಸಾಮಾನ್ಯವಾಗಿ ಅವಳಿ ಮರಿ ಮಾವ" ಎಂದಿದ್ದಳು ಸೊಸೆ. ಅಡುಗೆಯವನು ಸೌಟು ಹಿಡಿದೇ ಓಡಿಬಂದು ನೋಡಿ ಹೋಗಿದ್ದ.

ಇಷ್ಟೆಲ್ಲ ಬರೆದದ್ದನ್ನು ಶಾಯಿಗೆ ಇಳಿಸಲು ಮಾವ ಸ್ಕೇಲು ಇಟ್ಟುಕೊಳ್ಳುವಾಗ ಬಾಗಿಲಲ್ಲಿ ಸೋಪಕ್ಕ ಬಂದು ನಿಂತಳು. ಕೇಂದ್ರದ ಬಟ್ಟೆ ಒಗೆಯುವವಳು ಅವಳು. ಒಂದರ ರೋಗ ಇನ್ನೊಂದಕ್ಕೆ ಹತ್ತಬಾರದೆಂದು ಬಾವಲಿಯ ಚೀಲಗಳನ್ನೂ ದಿನಾ ಅವಳೇ ಕುದಿನೀರಿಗೆ ಹಾಕುತ್ತಿದ್ದಳು. ಸಾಮಾನ್ಯವಾಗಿ ಅವಳ ಬಾಯಿ ಅವಳಿಗಿಂತ ಮೊದಲು ಒಳಗೆ ಬರುತ್ತಿತ್ತು. ಇವತ್ತು ಬಾಯಿ ಬಿಡದೆ, ಎರಡೂ ಅಂಗೈಯಲ್ಲಿ ಒಂದು ಚೀಲ ಹಿಡಿದುಕೊಂಡು ಬಂದಿದ್ದಳು.

"ಮಾವ, ಇದರಲ್ಲಿ ಒಂದಿದೆ."

"ಏನಿದೆ?"

"ಜೀವ ಇದೆ. ಮೂಲೇಲಿ ಅಂಟ್ಕೊಂಡಿದೆ. ಹೊರಗಿಂದಾನೇ ಮುಟ್ಟಿ ನೋಡ್ದೆ, ಕೈಗೆ ಮಿಸುಕ್ತು."

ಮಾವ ಸ್ಕೇಲು ಕೆಳಗಿಟ್ಟು ಚೀಲವನ್ನು ಕೈಗೆ ತೆಗೆದುಕೊಂಡರು. ಚೀಲದ ಚೀಟಿಯಲ್ಲಿ ಅವರದೇ ಗುಂಡು ಅಕ್ಷರ, ಹದಿನೇಳು. ಹಾಳೆಯಲ್ಲಿ ಹದಿನೇಳನೆಯ ಸಾಲು ನೋಡಿದರು. ಬಿದಿರು ಬಾವಲಿ. ಕೊನೆಯ ಕಾಲಮ್ಮಿನಲ್ಲಿ ಚೊಕ್ಕವಾಗಿ ಬರೆದಿತ್ತು: ಬಿಟ್ಟಿದೆ, 8.10.

ಆಗ ಎಲ್ಲವೂ ಒಂದೊಂದಾಗಿ ನೆನಪಾಯಿತು. ತೂಕ ಮಾಡಿದ ಮೇಲೆ ಸುಧಾರಿಸಿಕೊಳ್ಳಲಿ ಎಂದು ಸೊಸೆ ಅದನ್ನು ಮತ್ತೆ ಚೀಲಕ್ಕೆ ಹಾಕಿ ಕೊನೆಯ ಮೊಳೆಗೆ ಸಿಕ್ಕಿಸಿದ್ದಳು. ಅಷ್ಟರಲ್ಲಿ ಎರಡನೆಯ ಬಲೆಯಲ್ಲಿ ದೊಡ್ಡದೊಂದು ಸಿಕ್ಕಿಬಿದ್ದು ಎಲ್ಲರೂ ಅತ್ತ ಓಡಿದರು. ಮಾವ ತಿರುಗಿ ನೋಡಿದಾಗ ಚೀಲ ಜೋತುಬಿದ್ದು ಚಪ್ಪಟೆಯಾಗಿತ್ತು. ಖಾಲಿ ಚೀಲ ಕಂಡರೆ ಮಡಿಸುವುದು ಅವರ ಹುಟ್ಟುಗುಣ. ಮಡಿಸಿ ಬುಟ್ಟಿಗೆ ಹಾಕಿದರು. ಚೀಲ ಖಾಲಿ ಎಂದ ಮೇಲೆ ಬಾವಲಿ ಹೋದಂತೆಯೇ ಎಂದು ಸಮಯ ಬರೆದರು. "ಬಿಟ್ಟೆ" ಎಂದು ಯಾರೂ ಕೂಗಿರಲಿಲ್ಲ.

"ಯಾರೂ ನೋಡಿಲ್ಲ ಮಾವ" ಎಂದಳು ಸೋಪಕ್ಕ ದನಿ ತಗ್ಗಿಸಿ. ಒಪ್ಪಂದದ ಸಂಗತಿ ಇಡೀ ಕೇಂದ್ರಕ್ಕೇ ಗೊತ್ತಿತ್ತು. "ನೀವೇ ಮೆಲ್ಲಗೆ ಹೋಗಿ ಬಿಟ್ಬಿಡಿ. ನಾನು ಬಾಯಿ ಬಿಡಲ್ಲ."

ಹಾಳೆಯ ಪಕ್ಕದಲ್ಲೇ ರಬ್ಬರ್ ಬಿದ್ದಿತ್ತು. ಪೆನ್ಸಿಲಿನ ಬರಹ; ಉಜ್ಜಿ ಬೇರೆ ಸಮಯ ಬರೆಯುವುದು ಅರ್ಧ ನಿಮಿಷದ ಕೆಲಸ. ಮಾವ ಮನೆಯ ಪಡಸಾಲೆಯನ್ನು ನೆನೆದರು, ಟಿವಿಯ ಎದುರಿನ ಕುರ್ಚಿ, ಹತ್ತಿರ ಕೂತು ಗಂಟೆಗೊಮ್ಮೆ "ಏನಾದ್ರೂ ಬೇಕಾ" ಎಂದು ಕೇಳುವ ಯಾರೋ ಒಬ್ಬರು. ಆ ಕುರ್ಚಿಗೆ ಹೋಗಲು ಅವರಿಗೆ ಸುತರಾಂ ಇಷ್ಟವಿರಲಿಲ್ಲ. ಆದರೆ ಹಗಲಿನಲ್ಲಿ ಬಿಟ್ಟರೆ ಹಕ್ಕಿಯ ಪಾಲು, ಸಂಜೆಯವರೆಗೆ ಇಟ್ಟರೆ ಎಲ್ಲೋ ಬಿದಿರಿನೊಳಗೆ ಮರಿಗಳು ಹಸಿದು ಸಾಯುತ್ತವೆ. ಏನು ಮಾಡಬೇಕೆಂದು ಗೊತ್ತಿದ್ದವಳು ಒಬ್ಬಳೇ. ಚೀಲವನ್ನು ಎದೆಗೆ ಒತ್ತಿಕೊಳ್ಳದಂತೆ, ಅಲುಗಿಸದಂತೆ ಹಿಡಿದು ಮಾವ ಸೊಸೆಯ ಕೋಣೆಗೆ ನಡೆದರು.

"ತಾಯೀ, ನಾನು ಸುಳ್ಳು ಬರೆದೆ" ಎಂದರು.

ಸೊಸೆ ಒಂದು ಕ್ಷಣ ಬಿಳಿಚಿಕೊಂಡಳು. ಆಮೇಲೆ ಕೈಗವಸು ಹಾಕಿಕೊಂಡು ಚೀಲ ಬಿಚ್ಚಿದಳು. ಹೆಬ್ಬೆರಳಿಗಿಂತ ಸಣ್ಣದು, ಬಟ್ಟೆಯ ಮೂಲೆಗೆ ಉಗುರು ಕೊಟ್ಟು ಕೂತಿತ್ತು. ಡ್ರಾಪರಿನಿಂದ ಸಕ್ಕರೆ ನೀರು ಬಾಯಿಗೆ ತಾಗಿಸಿದಳು. ನೆಕ್ಕಿತು.

"ಯಾವ ಬಲೆ ಮಾವ?"

"ಮೂರನೇದು. ಏಳು ಇಪ್ಪತ್ತಕ್ಕೆ." ಅಂಕಿಗಳು ಮಾತ್ರ ಅವರನ್ನು ಕೈಬಿಟ್ಟಿರಲಿಲ್ಲ.

ಮೂರನೆಯ ಬಲೆಯ ಪಕ್ಕದಲ್ಲೇ ಬಿದಿರು ಮೆಳೆಗಳಿದ್ದವು. ಸೊಸೆ, ಮಾವ, ಬೇಡವೆಂದರೂ ಕೇಳದೆ ಬಂದ ಸೋಪಕ್ಕ, ಮೂವರೂ ಗಳ ಗಳಕ್ಕೆ ಕಣ್ಣು ಹಾಯಿಸುತ್ತ ಸೀಳು ಹುಡುಕಿದರು. ಮನುಷ್ಯರ ಕಿವಿಗೆ ನಿಲುಕದ ಬಾವಲಿಯ ದನಿಯನ್ನು ನಿಲುಕುವಂತೆ ಮಾಡುವ ಪುಟ್ಟ ಯಂತ್ರ ಸೊಸೆಯ ಕೈಯಲ್ಲಿತ್ತು. ಸೀಳು ಕಂಡಲ್ಲೆಲ್ಲ ಅದನ್ನು ಹಿಡಿಯುತ್ತಿದ್ದಳು. ಮೊದಲ ಮೆಳೆಯಲ್ಲಿ ಏನಿಲ್ಲ. ಎರಡನೆಯದರಲ್ಲೂ ಇಲ್ಲ. ಬಿದಿರು ಮುಳ್ಳಿಗೆ ಮಾವನ ಅಂಗಿಯ ತೋಳು ಹರಿಯಿತು, ಸೋಪಕ್ಕ ಅದಕ್ಕೂ ಒಂದು ಬೈಗುಳ ಬೈದಳು. ಮಾವ ಒಂದೇ ಸಮನೆ ಒಳಗೊಳಗೇ ಬೇಡಿಕೊಳ್ಳುತ್ತಿದ್ದರು, ನನ್ನನ್ನು ಬೇಕಾದರೆ ಇವತ್ತೇ ಮನೆಗೆ ಕಳಿಸಲಿ, ಆ ಮರಿಗಳು ಸಿಗಲಿ.

ಮೂರನೆಯ ಮೆಳೆಯಲ್ಲಿ, ಸೊಂಟದೆತ್ತರದ ಒಂದು ಸೀಳಿನ ಹತ್ತಿರ ಯಂತ್ರ ಚಟಚಟ ಎಂದಿತು. ನಿಂತಿತು. ಮತ್ತೆ ಚಟಚಟ.

"ಕರೀತಿವೆ" ಎಂದಳು ಸೊಸೆ.

ತಾಯಿಯನ್ನು ಸೀಳಿನ ಬಾಯಿಗೆ ಹಿಡಿದಳು. ಅದು ಒಂದು ಗಳಿಗೆ ಮೂಸಿತು. ಅಂಚೆಡಬ್ಬಿಗೆ ಕಾಗದ ಹಾಕಿದ ಹಾಗೆ ಸರಕ್ಕನೆ ಒಳಗೆ ಜಾರಿತು. ಯಂತ್ರದೊಳಗೆ ಒಮ್ಮೆಲೇ ಗಲಾಟೆಯೆದ್ದಿತು, ಎರಡು ಮೂರು ದನಿ ಒಂದರ ಮೇಲೊಂದು. ಆಮೇಲೆ ಸದ್ದಿಲ್ಲ.

"ಹಾಲು ಕುಡೀತಿರಬೇಕು" ಎಂದಳು ಸೋಪಕ್ಕ.

ಮಾವ ಅಲ್ಲೇ ನೆಲದ ಮೇಲೆ ಕೂತು, ಹರಿದ ತೋಳಿನಿಂದಲೇ ಕಣ್ಣು ಒರೆಸಿಕೊಂಡರು. "ಸೋಪಕ್ಕ, ನಿಮ್ಮ ಉಪಕಾರ ನಾನು ಸಾಯೋತನಕ ಮರೆಯಲ್ಲ" ಎಂದರು. ಮರೆಯಲ್ಲ ಎಂಬ ಮಾತು ತಮ್ಮ ಬಾಯಲ್ಲೇ ತಮಗೆ ಚುಚ್ಚಿತು. "ಮರೆವು ಜಾಸ್ತಿ ಆಗ್ತಿದೆ ಕಣಮ್ಮ ನನಗೆ."

"ಮರೆವೂ ಅಲ್ಲ, ಮಣ್ಣೂ ಅಲ್ಲ. ನೀವು ಕಣ್ಣಲ್ಲಿ ನೋಡಿದ್ರಿ, ಕೈಯಲ್ಲಿ ನೋಡ್ಲಿಲ್ಲ, ಅಷ್ಟೆ. ಇಪ್ಪತ್ತು ವರ್ಷ ಊರವರ ಜೇಬು ತಡವಿದ್ದೀನಿ ನಾನು. ಖಾಲಿ ಅಂತ ಕಾಣೋ ಜೇಬಲ್ಲೇ ಏನಾದ್ರೂ ಇರೋದು. ನಾಳೆಯಿಂದ ಬನ್ನಿ, ಮೂಲೆ ಮೂಲೆ ಹೇಗೆ ಮುಟ್ಟಬೇಕು ಅಂತ ಹೇಳಿಕೊಡ್ತೀನಿ."

ನಾಳೆ ಎಂಬುದೊಂದು ಇದೆಯೋ ಇಲ್ಲವೋ ಎಂದು ಮಾವ ಸೊಸೆಯ ಮುಖ ನೋಡಿದರು. ಅವಳು ಯಂತ್ರದ ಬ್ಯಾಟರಿ ತೆಗೆಯುತ್ತಿದ್ದಳು.

ಮಧ್ಯಾಹ್ನ ಅವಳು ಗಂಡನಿಗೆ ಫೋನ್ ಮಾಡಿದ್ದು ಮಾವನಿಗೆ ಗೋಡೆಯಾಚೆಯಿಂದ ಕೇಳಿಸಿತು. "ಹೌದು, ತಪ್ಪಾಯ್ತು... ಇಲ್ಲ, ಕಳಿಸಲ್ಲ. ಗೊತ್ತಾದ ಐದು ನಿಮಿಷಕ್ಕೆ ನನ್ನ ಮುಂದೆ ಬಂದು ನಿಂತ್ರು ಕಣ್ರೀ. ಅಂಥೋರನ್ನ ನಾನು ಎಲ್ಲಿಂದ ತರಲಿ?" ಮಾವ ಎರಡು ಲೋಟ ನೀರು ಕುಡಿದರು. ಹೆಂಡತಿ ಇದ್ದಿದ್ದರೆ ಇದನ್ನು ಮೊದಲು ಅವಳಿಗೆ ಹೇಳಬೇಕಿತ್ತು ಎನ್ನಿಸಿತು. ಇಂಥ ಸೊಸೆಯನ್ನು ಹುಡುಕಿ ಆರಿಸಿದವಳು ಅವಳೇ.

ಸ್ವಲ್ಪ ಹೊತ್ತಿಗೆ ಸೊಸೆ ಒಳಗೆ ಬಂದಳು. ಕಪಾಟಿನ ಕೆಳಖಾನೆಯಿಂದ ಹಳೆಯ ರಿಜಿಸ್ಟರೊಂದನ್ನು ಎಳೆದು, ಹುಡುಕುವ ಅಗತ್ಯವೇ ಇಲ್ಲದಂತೆ ಒಂದು ಪುಟ ತೆರೆದು ಅವರ ಮುಂದಿಟ್ಟಳು. ಹನ್ನೊಂದು ವರ್ಷದ ಹಿಂದಿನ ತಾರೀಖು, ಅವಳದೇ ಕೈಬರಹ.

"ನನ್ನ ಮೊದಲನೇ ವರ್ಷ ಮಾವ. ಒಂದು ಚೀಲ ಬೆಂಚಿನ ಹಿಂದೆ ಬಿದ್ದೋಗಿತ್ತು. ಮೂರು ದಿನ ಆದ್ಮೇಲೆ ಸಿಕ್ತು, ಒಳಗಿನದು ಸತ್ತೋಗಿತ್ತು. ಬಿಟ್ಟಿದೆ ಅಂತ ಬರೆದಾಗಿತ್ತು, ಹಾಗೇ ಇರಲಿ ಅಂತ ಬಿಟ್ಟೆ. ಯಾರಿಗೂ ಹೇಳಿಲ್ಲ. ನಿಮ್ಮ ಮಗನಿಗೂ." ಅವಳು ಆ ಸಾಲಿನ ಮೇಲೆ ಬೆರಳಿಟ್ಟಳು. "ನಿಮ್ಮ ಆಫೀಸಲ್ಲಿ ತಪ್ಪು ಬಿದ್ದ ಸಾಲು ಹೇಗೆ ತಿದ್ತಿದ್ರಿ? ಹೇಳಿಕೊಡಿ."

ಮಾವ ಪಕ್ಕದ ಕುರ್ಚಿ ಎಳೆದು ಕೂರಿಸಿದರು, ತಮ್ಮ ಪೆನ್ನನ್ನೇ ಅವಳ ಕೈಗೆ ಕೊಟ್ಟರು.

"ಉಜ್ಜೋದು ಬೇಡ, ಗೀಚೋದೂ ಬೇಡ. ಅಡ್ಡಕ್ಕೆ ಒಂದೇ ಗೆರೆ. ಕೆಳಗಿರೋ ಅಕ್ಷರ ಓದೋ ಹಾಗಿರಬೇಕು. ಮೇಲೆ ನಿಜ ಏನೋ ಅದು. ಪಕ್ಕದಲ್ಲಿ ಸಹಿ, ಇವತ್ತಿನ ತಾರೀಖು. ಅಷ್ಟೇ ತಾಯಿ."

ಅವಳು ಪೆನ್ನಿನ ಕ್ಯಾಪು ತೆಗೆದಳು. ಮಾವ ಸ್ಕೇಲನ್ನು ಆ ಸಾಲಿನ ಮೇಲೆ ಇಟ್ಟು, ಅಲುಗದಂತೆ ಎರಡೂ ಕೈಯಿಂದ ಒತ್ತಿ ಹಿಡಿದರು.